ಮನೆಯಲ್ಲಿ ಕುಂಟು, ರಸ್ತೆಯಲ್ಲಿ ಓಟ

ನಮ್ಮ ಕಡೆ ದೊಡ್ಡವರು ಓಡುವುದಿಲ್ಲ. ಮಕ್ಕಳು ಓಡುತ್ತಾರೆ, ಕುದುರೆ ಓಡುತ್ತದೆ, ಪೊಲೀಸರನ್ನು ಕಂಡವರು ಓಡುತ್ತಾರೆ. ಧೋತರ ಉಟ್ಟು ರುಮಾಲು ಸುತ್ತಿದ, ನಲವತ್ತು ದಾಟಿದ ಗಂಡಸು ರಸ್ತೆಯ ಮೇಲೆ ಓಡುತ್ತಿದ್ದಾನೆಂದರೆ ಅದಕ್ಕೆ ಒಂದೇ ಅರ್ಥ: ಯಾರೋ ತೀರಿಕೊಂಡಿದ್ದಾರೆ, ಇವನು ಸುದ್ದಿ ಮುಟ್ಟಿಸಲು ಹೊರಟಿದ್ದಾನೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ, ಮರೆತಿದ್ದೆ. ಚಿಂತೆ ಮಾಡುವುದರಲ್ಲಿ ಸೊಲ್ಲಾಪುರದ ಪೇಟೆಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಆದರೆ ಚಿಂತೆ ಮಾಡಬೇಕಾದ ಒಂದನ್ನು ಬಿಟ್ಟು ಉಳಿದ ಎಲ್ಲದರ ಬಗ್ಗೆ ಮಾಡುವುದು ನನ್ನ ಪದ್ಧತಿ.

ಕಾಲು ಮುರಿದದ್ದೂ ಹಾಗೆಯೇ. ನಮ್ಮದು ಜವಳಿ ಅಂಗಡಿ. ಮೇಲಿನ ಹಲಗೆಯಿಂದ ಬಟ್ಟೆಯ ಥಾನುಗಳನ್ನು ಇಳಿಸಲು ಒಂದು ಬಿದಿರಿನ ಏಣಿ ಇತ್ತು. ಅದು ಜಾರಿ ಯಾರಾದರೂ ಬಿದ್ದಾರೆಂದು ವರ್ಷಗಟ್ಟಲೆ ಹೆದರಿ, ಕೊನೆಗೆ ಒಂದು ದಿನ ನಾನೇ ಅದರ ಬುಡಕ್ಕೆ ಹಗ್ಗ ಬಿಗಿದು ಕಂಬಕ್ಕೆ ಕಟ್ಟಿದೆ. ಏಣಿ ಜಾರಲಿಲ್ಲ. ಇಳಿಯುವಾಗ ಆ ಹಗ್ಗದಲ್ಲೇ ಕಾಲು ಸಿಕ್ಕಿಕೊಂಡು ಬಿದ್ದೆ. ಬಲಗಾಲು ಮೊಣಕಾಲಿನ ಕೆಳಗೆ ಮುರಿಯಿತು. ಥಾನು ತೆಗೆಸಿದ್ದ ಗಿರಾಕಿ ಹೆಣ್ಣುಮಗಳು ಬಿದ್ದ ನನ್ನ ಮೈಕೆಳಗಿನಿಂದಲೇ ಅದರ ಒಂದು ಅಂಚನ್ನು ಎಳೆದು ನೋಡಿ, ಬಣ್ಣ ಒಪ್ಪಲಿಲ್ಲವೆಂದು ಹೊರಟುಹೋದಳು.

ಎಲುಬು ಕೂಡಿಸಿದವರು ನಮ್ಮ ಓಣಿಯ ತಾಲೀಮಿನ, ಅಂದರೆ ಗರಡಿಯ, ವಸ್ತಾದರು. ನಮ್ಮಲ್ಲಿ ಕುಸ್ತಿ ಕಲಿಸುವವರೇ ಎಲುಬೂ ಕೂಡಿಸುತ್ತಾರೆ. ಅವರು ಬಿದಿರಿನ ದಬ್ಬೆ ಕಟ್ಟಿ ನನ್ನನ್ನು ಅಂಗಾತ ಮಲಗಿಸಿದರು. ಯುಗಾದಿಯ ಮುಂಚೆ ಮಲಗಿದವನು ಶ್ರಾವಣದಲ್ಲಿ ಎದ್ದೆ. ಅಷ್ಟೂ ದಿನ ತೊಲೆಗಳನ್ನು ನೋಡುತ್ತ ನನ್ನ ಮುಂದಿನ ಬದುಕನ್ನೆಲ್ಲ ಕುಂಟುತ್ತಲೇ ಕಳೆದುಬಿಟ್ಟೆ. ಅಂಗಡಿಯ ಮೆಟ್ಟಿಲು ಕುಂಟುತ್ತ ಹತ್ತಿದೆ, ಮಗಳ ಮದುವೆಯಲ್ಲಿ ಬೀಗರ ಎದುರು ಕುಂಟಿದೆ, ಕಡೆಗೆ ನನ್ನನ್ನು ಹೊತ್ತವರಲ್ಲಿಯೂ ಒಬ್ಬ ಕುಂಟುತ್ತಿದ್ದಂತೆ ಕಂಡಿತು.

ಆ ದಿನಗಳಲ್ಲೇ ಒಂದು ಮುಂಜಾನೆ ಅವ್ವ ದೇವರ ಜಗಲಿಯ ಮುಂದೆ ನಿಂತು, ನಾನು ನಿದ್ದೆಯಲ್ಲಿದ್ದೇನೆಂದು ತಿಳಿದು, ಹರಕೆ ಹೊತ್ತಳು. ಮಗನ ಕಾಲು "ಮೊದಲಿನಂಗ" ಆದರೆ ಬರಿಗಾಲಲ್ಲಿ ನಡೆದು ಅಕ್ಕಲಕೋಟದ ಸ್ವಾಮಿಗಳ ಸನ್ನಿಧಿಗೆ ಬರುತ್ತೇನೆ ಎಂದಳು. ಬೇರೆ ತಾಯಂದಿರಾದರೆ ಗುಣವಾದವನನ್ನು ನಡೆಸುತ್ತೇವೆಂದು ಬೇಡಿಕೊಳ್ಳುತ್ತಾರೆ. ಅವ್ವನಿಗೆ ನನ್ನ ಸ್ವಭಾವ ಗೊತ್ತು. ಮಳೆ, ಬಿಸಿಲು, ಮುಹೂರ್ತ ಎಂದು ನಾನು ದೇವರನ್ನು ವರ್ಷಗಟ್ಟಲೆ ಕಾಯಿಸುತ್ತೇನೆಂದು ತಾನೇ ಹೊತ್ತಳು.

ಅಕ್ಕಲಕೋಟ ಇಪ್ಪತ್ತನಾಲ್ಕು ಮೈಲು. ಅವ್ವನಿಗೆ ಅರವತ್ತೈದು. ಹಿಂದಿನ ಚಳಿಗಾಲದಿಂದ ಆಕೆಗೆ ದಮ್ಮು ಹತ್ತಿತ್ತು. ಮಹಡಿಯ ಮೆಟ್ಟಿಲಲ್ಲಿ ಎರಡು ಸಲ ಎದೆ ಹಿಡಿದು ನಿಲ್ಲುವವಳು. ದಾರಿಯಲ್ಲಿ ಎಲ್ಲೋ ಒಂದು ಬೇವಿನ ಗಿಡದ ಕೆಳಗೆ ಆಕೆ ಕೂತವಳು ಏಳಲಿಲ್ಲ ಎಂಬ ಚಿತ್ರ ಅಂದಿನಿಂದ ನನ್ನ ಕಣ್ಣಿಗೆ ಕಟ್ಟಿತು. ನನ್ನ ಕಾಲು ನೆಟ್ಟಗಾದರೆ ಅವ್ವ ನಡೆಯುತ್ತಾಳೆ, ಆಗದಿದ್ದರೆ ನಾನು ಕುಂಟ. ಬಹಳ ಯೋಚಿಸಿ ನಾನು ಕಂಡುಕೊಂಡ ಉಪಾಯವೆಂದರೆ, ಮನೆಯಲ್ಲಿ ಮಾತ್ರ ಗುಣವಾಗದೆ ಇರುವುದು.

ವಸ್ತಾದರು ದಬ್ಬೆ ಬಿಚ್ಚಿ, ದಿನಾ ಎಣ್ಣೆ ತಿಕ್ಕಿ ನಡೆಸಿದರು. ದಸರೆಯ ಹೊತ್ತಿಗೆ ಊರುಗೋಲು ಕಸಿದುಕೊಂಡರು. ಆದರೂ ನಾನು ಬಲಗಾಲನ್ನು ಗಾಜಿನ ಸಾಮಾನಿನಂತೆ ಎತ್ತಿ ಇಡುತ್ತಿದ್ದೆ. ಅವರು ನೋಡಿ ನೋಡಿ ಬೇಸತ್ತರು.

"ಎಲಬು ಕೂಡಿ ಎರಡ ತಿಂಗಳಾತ್ರಿ ಸಾವಕಾರ್ರ. ಈಗ ಕುಂಟಾಕತ್ತಿದ್ದು ಕಾಲಲ್ಲ, ನಿಮ್ಮ ಅಂಜಿಕಿ" ಎಂದರು.

ಆ ವರ್ಷ ಊರಿನ ನಾಲ್ಕೈದು ತಾಲೀಮುಗಳು ಸೇರಿ ಮಾಘ ಮಾಸದಲ್ಲಿ ಸೊಲ್ಲಾಪುರದಿಂದ ಅಕ್ಕಲಕೋಟದವರೆಗೆ ಓಟದ ಪಂದ್ಯ ಇಟ್ಟಿದ್ದವು. ಅದಕ್ಕೆ 'ಮ್ಯಾರಾಥಾನ' ಎಂದು ಹೆಸರು. ಮೊದಲ ಸಲ ಕೇಳಿದಾಗ ನಾನು ಅದು ಹೊಸ ಮಿಲ್ಲಿನ ಯಾವುದೋ ಥಾನು ಎಂದುಕೊಂಡು ಗಜಕ್ಕೆ ಎಷ್ಟು ಎಂದು ಕೇಳಿದ್ದೆ. ನಿಜವಾದ ಮ್ಯಾರಾಥಾನಿಗೆ ಎರಡು ಮೈಲು ಕಡಿಮೆ ಬೀಳುತ್ತದೆಂದು ಯಾರೋ ತಕರಾರು ಎತ್ತಿದ್ದರಿಂದ ಪೇಟೆಯಲ್ಲೇ ಒಂದು ಸುತ್ತು ಹಾಕಿಸಿ ಸರಿಮಾಡಿದ್ದರು. ವಸ್ತಾದರು ನನ್ನನ್ನು ಕೇಳದೆ ನನ್ನ ಹೆಸರು ಬರೆಸಿ ಬಂದರು. ಓಡಿದರೆ ಕಾಲು ನೆಟ್ಟಗಾಗಿದೆಯೆಂದು ನಾನೇ ನಂಬುತ್ತೇನೆ, ಬೇರೆ ಯಾರ ಮಾತನ್ನೂ ನಂಬುವ ಗಿರಾಕಿ ನಾನಲ್ಲ ಎಂಬುದು ಅವರ ಲೆಕ್ಕ. ನಾನು ಒಲ್ಲೆನೆನ್ನಲಿಲ್ಲ. ಕಾಲು ನನ್ನದಾಗಿ ಉಳಿದಿದೆಯೋ ಇಲ್ಲವೋ ಎಂದು ತಿಳಿಯುವ ಆಸೆ ಅಂಜಿಕೆಗಿಂತ ಒಂದು ತೂಕ ಹೆಚ್ಚಾಗಿತ್ತು.

ಹೀಗೆ ನನ್ನ ಎರಡು ನಡಿಗೆ ಶುರುವಾದವು. ಬೆಳಗಾಗುತ್ತಲೇ ತಾಲೀಮಿಗೆ ಎಣ್ಣೆ ತಿಕ್ಕಿಸಿಕೊಳ್ಳಲು ಹೋಗುತ್ತೇನೆಂದು ಮನೆಯಲ್ಲಿದ್ದ ಹಳೆಯ ಕೋಲೊಂದನ್ನು ಊರಿಕೊಂಡು ಹೊರಡುವುದು. ಓಣಿ ತಿರುಗಿದ ಮೇಲೆ ಕೋಲನ್ನು ತಾಲೀಮಿನಲ್ಲಿ ಬಿಟ್ಟು ಕುಂಭಾರಿಯ ರಸ್ತೆ ಹಿಡಿದು ಓಡುವುದು. ಮೊದಮೊದಲು ಎರಡು ಫರ್ಲಾಂಗಿಗೆ ಉಸಿರು ಹೋಗುತ್ತಿತ್ತು. ಒಂದು ಕಲ್ಲಿನಿಂದ ಮುಂದಿನ ಕಲ್ಲಿಗೆ ಓಡಿ, ಅಲ್ಲಿಂದ ಮುಂದಿನದಕ್ಕೆ ನಡೆದು, ಮೊಣಕಾಲನ್ನು ಮುಟ್ಟಿ ನೋಡಿ, ಮತ್ತೆ ಓಡುವುದು. ವಾಪಸು ಬಂದು ಕೋಲು ತೆಗೆದುಕೊಂಡು ಕುಂಟುತ್ತ ಮನೆ ಸೇರುವುದು. ಓಡುವುದಕ್ಕಿಂತ ಕುಂಟುವುದೇ ಹೆಚ್ಚು ದಣಿವು. ಒಂದು ದಿನ ನಾಲ್ಕು ಮೈಲು ಓಡಿದ ಖುಷಿಯಲ್ಲಿ ಪಡಸಾಲೆಯಲ್ಲಿ ಕುಂಟುತ್ತಿದ್ದಾಗ ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ತಗ್ಗಿದ ದನಿಯಲ್ಲಿ, "ಇವತ್ತ ಎಡಗಾಲೇನ್ರಿ?" ಎಂದಳು. ಮತ್ತೆ ರೊಟ್ಟಿ ಬಡಿಯತೊಡಗಿದಳು; ಯಾರಿಗೂ ಹೇಳಲಿಲ್ಲ.

ದೀಪಾವಳಿಯಾದ ಮೇಲೆ ಒಂದು ಮುಂಜಾನೆ ಮೊದಲ ಸಲ ಕುಂಭಾರಿಯವರೆಗೆ ಓಡಿದೆ. ಅಲ್ಲಿ ನಮ್ಮ ಅಪ್ಪನ ಚಿಕ್ಕಪ್ಪನ ಮಗ, ನನಗೆ ಕಾಕಾ, ಒಕ್ಕಲುತನ ಮಾಡಿಕೊಂಡಿದ್ದರು. ರಸ್ತೆಯ ಬದಿಯ ತಮ್ಮ ಹೊಲದಲ್ಲಿ ಜೋಳ ನೋಡುತ್ತ ನಿಂತಿದ್ದ ಅವರನ್ನು ದೂರದಿಂದ ಕಂಡೆ. ಇವರು ಕಂಡರೆ ಅವ್ವನಿಗೆ ತಿಳಿಯುತ್ತದೆ. ರುಮಾಲಿನ ಸೆರಗನ್ನು ಮುಖಕ್ಕೆ ಅಡ್ಡ ಹಿಡಿದು ಜೋರಾಗಿ ಓಡಿದೆ. ಅವರು ಗುರುತು ಹಿಡಿದು, ಏನಾಯಿತೆಂದು ಕೂಗಿದರು. ನಾನು ನಿಲ್ಲದೆ, "ಅವ್ವಗ ಹೇಳಬ್ಯಾಡ್ರಿ ಕಾಕಾ" ಎಂದು ಕೂಗಿ ಊರಿನೊಳಗೆ ಹೊಕ್ಕು, ಹಿಂದಿನ ಗಾಡಿದಾರಿಯಿಂದ ತಪ್ಪಿಸಿಕೊಂಡೆ. ಗಾಳಿಗೆ ಅವರ ಕಿವಿಗೆ ಬಿದ್ದದ್ದು 'ಅವ್ವ' ಎಂಬುದು ಒಂದೇ.

ಮುಖ ಮುಚ್ಚಿಕೊಂಡು, ಅವ್ವ ಎನ್ನುತ್ತ, ಮುರಿದ ಕಾಲಿನಲ್ಲಿ ಮಗ ಓಡುತ್ತಿದ್ದಾನೆ. ಅವರ ತಪ್ಪೇನು? ಗಾಡಿದಾರಿ ಸುತ್ತಿ, ಬಾವಿಯೊಂದರ ಕಟ್ಟೆಯ ಮೇಲೆ ದಣಿವಾರಿಸಿಕೊಂಡು, ನಡೆದು ನಾನು ಮನೆ ಸೇರುವ ಹೊತ್ತಿಗೆ ಕಾಕಾ ಗಾಡಿ ಹೂಡಿಕೊಂಡು, ಇನ್ನಿಬ್ಬರನ್ನು ಕರೆದುಕೊಂಡು ನನಗಿಂತ ಮೊದಲೇ ಬಂದಿದ್ದರು. ಸಾವಿಗೆ ಹೊರಟವರಂತೆ ತಲೆಯ ಮೇಲೆ ಬಿಳಿ ಟವೆಲು ಹಾಕಿಕೊಂಡು ಅವರು ಬಾಗಿಲಿಗೆ ಬಂದರೆ, ಕಟ್ಟೆಯ ಮೇಲೆ ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಾಳೆ. ಅವರ ವೇಷ ಕಂಡು ಆಕೆಯೇ ಗಾಬರಿಯಾಗಿ, "ಯಾರು ಹೋದ್ರೊ?" ಎಂದು ಕೇಳಿದಳಂತೆ.

ಕಾಕಾ ತಲೆಯ ಮೇಲಿನ ಟವೆಲು ತೆಗೆದು, "ನೀವಽ ಹೋಗೀರಿ ಅಂತ ಬಂದಿದ್ವಿ ವೈನಿ" ಎಂದರಂತೆ.

ಸಾವಿನ ಮನೆಗೆ ಬಂದವರು ನೀರೂ ಮುಟ್ಟದೆ ಹೋಗಬೇಕು. ಅದಕ್ಕೇ ಅವ್ವ ಮೂವರನ್ನೂ ಕೂಡ್ರಿಸಿ, ಹೊಟ್ಟೆ ಬಿರಿಯುವಂತೆ ರೊಟ್ಟಿ, ಮೊಸರು, ಶೇಂಗಾ ಚಟ್ನಿ ತಿನ್ನಿಸಿ, ತಾನು ಬದುಕಿರುವುದನ್ನು ಗಟ್ಟಿ ಮಾಡಿಕೊಂಡಳು. ಅವರು ಕೈ ತೊಳೆಯುತ್ತಿದ್ದಾಗ ನಾನು ಕೋಲೂರಿ ಕುಂಟುತ್ತ ಬಂದೆ. ಎಲ್ಲರೂ ನನ್ನ ಕಾಲನ್ನೇ ನೋಡಿದರು. ಕುಂಟುತ್ತ ಮೂರು ಹೆಜ್ಜೆ ಹಾಕಿದೆ. ನಾಲ್ಕನೆಯದನ್ನು ಹೇಗೆ ಹಾಕಬೇಕೆಂದು ತಿಳಿಯಲಿಲ್ಲ.

ಬಂದವರು ಹೋದ ಮೇಲೆ ಅವ್ವ, ಹರಕೆ ತೀರಿಸಲು ಅಕ್ಕಲಕೋಟಕ್ಕೆ ಹೊರಡುತ್ತೇನೆಂದಳು. ನಾನು ವಕೀಲನಂತೆ ವಾದಿಸಿದೆ. ಹರಕೆ ಹೊತ್ತದ್ದು ಮೊದಲಿನಂತೆ ಆದರೆ ಎಂದು. ಚಳಿಗೆ ಕಾಲು ಸೆಳೆಯುತ್ತದೆ, ಮೆಟ್ಟಿಲಿಳಿಯುವಾಗ ಚುಚ್ಚುತ್ತದೆ, ಮೊದಲು ಹಾಗಿರಲಿಲ್ಲವಲ್ಲ. ಅವ್ವ ಜೋಳದ ಕಡ್ಡಿ ಆರಿಸುತ್ತಲೇ ಕೇಳಿಸಿಕೊಂಡಳು.

"ಮೊದಲ ನೀ ಯಾವಾಗ ಓಡಿದ್ದಿ?" ಎಂದಳು. "ಕುಂಭಾರಿಗೆ ಹೋಗೂದಂದ್ರ ಗಾಡಿಗಿ ಗಾದಿ ಹಾಸು ಅಂತಿದ್ದಿ. ಮೊದಲಿಗಿಂತ ಚಲೋ ಆಗೇದ ಕಾಲು."

ಗಾಡಿಯಲ್ಲಿ ಹೋಗಿ ಊರ ಹೊರಗೆ ಇಳಿದು ನಡೆದರೂ ದೇವರಿಗೆ ಸಲ್ಲುತ್ತದೆ ಎಂದೆ.

"ಹರಕಿ ಹೊತ್ತಾಕಿ ನಾನು, ಎತ್ತು ಹೊತ್ತಿಲ್ಲ."

ಅಲ್ಲಿಗೆ ಮುಗಿಯಿತು. ನಾನು ಗೆದ್ದುಕೊಂಡದ್ದು ಒಂದೇ: ಆಕೆ ಮಾಘದ ಪಂದ್ಯದವರೆಗೆ ತಡೆಯುವುದು, ಅಲ್ಲಿಯವರೆಗೆ ದಿನಾ ನನ್ನ ಜೊತೆ ಸ್ವಲ್ಪ ನಡೆದು ರೂಢಿ ಮಾಡಿಕೊಳ್ಳುವುದು. ನಡೆಯುವುದನ್ನು ಮಗನಿಂದ ಕಲಿಯಬೇಕಾಯಿತಲ್ಲ ಎಂದು ಗೊಣಗುತ್ತಲೇ ಬಂದಳು. ಆಕೆ ರಸ್ತೆಯ ಅಂಚಿನಲ್ಲಿ ನಿಧಾನವಾಗಿ ನಡೆಯುವಳು. ನಾನು ಒಂದು ಫರ್ಲಾಂಗು ಮುಂದಕ್ಕೆ ಓಡಿ, ಆಕೆ ನಿಂತಿದ್ದಾಳೇನೋ ಎಂಬ ಭಯಕ್ಕೆ ಹೊರಳಿ ಬಂದು, ಮುಖ ನೋಡಿ, ಮತ್ತೆ ಓಡುವೆ. ವಸ್ತಾದರ ಕಸರತ್ತು ಮಾಡದ್ದನ್ನು ಈ ಭಯ ಮಾಡಿತು. ಆಕೆಯ ಒಂದು ಮೈಲಿಗೆ ನನ್ನವು ಮೂರು ಆಗುತ್ತಿದ್ದವು. ಆಕೆಯ ದಮ್ಮು ಕಡಿಮೆಯಾಯಿತೋ, ನನ್ನೆದುರು ಅದುಮಿಟ್ಟುಕೊಳ್ಳುವುದನ್ನು ಕಲಿತಳೋ ನನಗೆ ಇಂದಿಗೂ ತಿಳಿಯದು.

ಪಂದ್ಯದ ಹಿಂದಿನ ದಿನವೇ ಅವ್ವ ಬರಿಗಾಲಲ್ಲಿ ಹೊರಟು ಕುಂಭಾರಿಯಲ್ಲಿ ಕಾಕಾನ ಮನೆಯಲ್ಲಿ ವಸ್ತಿ ಮಾಡಿದಳು. ಮರುದಿನ ನಸುಕಿನಲ್ಲೇ ಕಾಕಾ ಛತ್ರಿ ಹಿಡಿದು ಆಕೆಯ ಜೊತೆಗೆ ಹೊರಟರು. ನಾವು ಮೂವತ್ತು ಜನ ಬಿಸಿಲೇರುವ ಮೊದಲು ಸೊಲ್ಲಾಪುರದಿಂದ ಬಿಟ್ಟೆವು. ಗಿರಣಿಯವರು, ಪೈಲವಾನರು, ಒಬ್ಬ ಟಪಾಲಿನವನು. ಅವರಲ್ಲಿ ಬಹುತೇಕ ಎಲ್ಲರೂ ಪೇಟೆಯ ಸುತ್ತಿನಲ್ಲೇ ನನ್ನನ್ನು ದಾಟಿಹೋದರು. ಕುಂಭಾರಿಯವರೆಗೆ ಸುಖವಾಗಿತ್ತು. ವಳಸಂಗ ಬರುವ ಹೊತ್ತಿಗೆ ಬಲ ಮೊಣಕಾಲಿನೊಳಗೆ ಯಾರೋ ಮೊಳೆ ಇಟ್ಟು ತಟ್ಟುತ್ತಿರುವಂತಾಯಿತು. ಊರು ದಾಟಿದ ಮೇಲೆ ಮುಂದೆ ಆ ಛತ್ರಿ ಕಂಡಿತು, ಅದರ ಕೆಳಗೆ ಅವ್ವನ ಬೆನ್ನು.

ಆಗ ನನಗಾದದ್ದು ತಾಯಿಯನ್ನು ಕಂಡ ಸಂತೋಷ ಎಂದು ಬರೆದರೆ ಸುಳ್ಳು. ಮರ್ಯಾದೆಯಿಂದ ನಿಲ್ಲಲು ಒಂದು ದಾರಿ ಸಿಕ್ಕಿತೆಂದು ಸಂತೋಷವಾಯಿತು. ತಾಯಿಗಾಗಿ ಪಂದ್ಯ ಬಿಟ್ಟ ಮಗ! ಪೇಟೆಯಲ್ಲಿ ಹತ್ತು ವರ್ಷ ಹೇಳುತ್ತಾರೆ. ಓಟ ನಿಲ್ಲಿಸಿ ಆಕೆಯ ಪಕ್ಕಕ್ಕೆ ಬಂದು, ಜೊತೆಗೆ ನಡೆಯುತ್ತೇನೆಂದೆ.

ಅವ್ವ ನಿಲ್ಲಲಿಲ್ಲ. ಮುಖ ಕೆಂಪಾಗಿತ್ತು, ಮಾತಿಗೆ ಉಸಿರು ಕೂಡಿಸಿಕೊಳ್ಳಬೇಕಾಯಿತು. "ಕಾಲು ನೋಯಾಕತ್ತೇದೇನು?"

ಹೌದೆಂದರೆ ಕಾಲು ನೆಟ್ಟಗಾಗಿಲ್ಲ, ಆಕೆ ಅಷ್ಟು ದೂರ ನಡೆದದ್ದು ಕಾರಣವಿಲ್ಲದ ನಡಿಗೆ. ಇಲ್ಲವೆಂದರೆ ನಾನು ನಿಲ್ಲಲು ಕಾರಣವಿಲ್ಲ. ಇಲ್ಲವೆಂದೆ.

"ಹಂಗಾರ ಓಡು ನನ್ನಪ್ಪಾ. ನೀ ಓಡದಿದ್ರ ನಾ ಯಾಕ ನಡದೆ?"

ಓಡಿದೆ. ಆಕೆಯ ಕಣ್ಣಿಗೆ ಕಾಣುವಷ್ಟು ದೂರ ಎದೆಯುಬ್ಬಿಸಿ ಓಡಿದೆ. ತಿರುವು ದಾಟಿ ಜಾಲಿಯ ಮರೆಯಾದ ಮೇಲೆ ಕಲ್ಲಿನ ಮೇಲೆ ಕೂತು ಮೊಣಕಾಲು ಹಿಡಿದುಕೊಂಡು ಅತ್ತೆ. ಹಿಂದೆ ಛತ್ರಿ ಬಂದೀತೆಂದು ಮತ್ತೆ ಎದ್ದೆ. ಉಳಿದ ದಾರಿಯನ್ನು ಅರ್ಧ ಓಡಿ, ಅರ್ಧ ಎಳೆದುಕೊಂಡು ಹೋಗಿ ಅಕ್ಕಲಕೋಟ ಮುಟ್ಟಿದೆ. ನನ್ನ ಹಿಂದೆ ಇಬ್ಬರಿದ್ದರು. ಅವರಲ್ಲಿ ಒಬ್ಬ ನಡುದಾರಿಯಲ್ಲಿ ಚಹಾಕ್ಕೆ ಕೂತವನು. ಯಾರೋ ನನ್ನ ಕೊರಳಿಗೆ ಒಂದು ಹಾರ ಹಾಕಿದರು. ನಾನು ಅದನ್ನು ಕೈಯಲ್ಲಿ ಹಿಡಿದು ಊರ ಹೊರಗಿನ ರಸ್ತೆಗೆ ಹೋಗಿ ಕೂತೆ.

ಅವ್ವನನ್ನು ಕಾಯುತ್ತ ಕಳೆದ ಆ ನಾಲ್ಕು ತಾಸು ನನ್ನ ಜನ್ಮದ ಚಿಂತೆಗಳನ್ನೆಲ್ಲ ಸಣ್ಣವು ಮಾಡಿಬಿಟ್ಟವು. ಸೊಲ್ಲಾಪುರದ ಕಡೆಯಿಂದ ಬಂದ ಒಂದೊಂದು ಗಾಡಿಯನ್ನೂ ನಿಲ್ಲಿಸಿ ಒಳಗೆ ಮಲಗಿದವರು ಯಾರೆಂದು ನೋಡಿದೆ. ಜೋಳದ ಚೀಲಗಳು ಮಲಗಿದ್ದವು. ಓಡು ಎಂದವಳ ಮಾತು ಕೇಳಿ ಓಡಿದ ನನಗೆ, ಒಂದು ಸಲವಾದರೂ ಆಕೆಯ ಮಾತು ಮೀರಬೇಕಿತ್ತೆನಿಸಿತು. ಎದ್ದು ಹಿಂದಕ್ಕೆ ಹೋಗೋಣವೆಂದರೆ ಕಾಲು ಮಡಚಲೊಲ್ಲದು.

ಹೊತ್ತಿಳಿಯುವಾಗ ಬಂದಳು. ಛತ್ರಿ ಮಡಚಿ ಕೋಲಿನಂತೆ ಊರಿಕೊಂಡಿದ್ದಳು. ಕಾಕಾ ಹಿಂದೆ ಬಿದ್ದಿದ್ದರು. ನನ್ನ ಕಡೆ ನೋಡಿ, ಹಾರ ನೋಡಿ, ಅದನ್ನು ಇಸಿದುಕೊಂಡು ನೆಟ್ಟಗೆ ಸ್ವಾಮಿಗಳ ಸನ್ನಿಧಿಗೆ ನಡೆದಳು. ಒಳಗೆ ಬಹಳ ಹೊತ್ತು ಕೂತಿದ್ದಳು.

ಊರಿಗೆ ಸರ್ವಿಸ್ ಮೋಟಾರಿನಲ್ಲಿ ಹೊರಟೆವು. ಅವ್ವ ನನ್ನೆದುರಿಗೆ ಕೂತಳು. ನಾನು ಊದಿದ ಮೊಣಕಾಲಿನ ಮೇಲೆ ಧೋತರ ಹರವಿಕೊಂಡಿದ್ದೆ. ಆಕೆ ಸೀರೆಯ ನಿರಿಗೆಯನ್ನು ಪಾದ ಕಾಣದಂತೆ ಇಳಿಬಿಟ್ಟಿದ್ದಳು. ಕಾಲು ಹೇಗಿದೆ ಎಂದು ಆಕೆ ಕೇಳಿದಳು, ಚಲೋ ಇದೆ ಎಂದೆ. ನಿನ್ನ ಪಾದ ಎಂದು ಕೇಳಿದೆ, ಅದಕ್ಕೇನಾಗಿದೆ ಎಂದಳು. ಮೋಟಾರು ಒಂದೊಂದು ತಗ್ಗಿಗೆ ಬಿದ್ದಾಗಲೂ ನಾವಿಬ್ಬರೂ ಹಲ್ಲು ಕಚ್ಚಿ, ಹೊರಗಿನ ಹೊಲಗಳಲ್ಲಿ ಜೋಳ ಹೇಗೆ ಬಂದಿದೆ ಎಂದು ಬಹಳ ಆಸ್ಥೆಯಿಂದ ನೋಡುತ್ತಿದ್ದೆವು.