ಲಂಡನ್ ಕೋರ್ಟು ಕರೆದಾಗ

ಅಪ್ಪನಿಗೆ ಒಂದು ಚಾಳಿಯಿತ್ತು. ಜಯನಗರದ ನಮ್ಮ ಮನೆಯ ಗೇಟಿನಲ್ಲಿ ಯಾರು ನಿಂತು ಕೂಗಿದರೂ "ಬನ್ನಿ ಒಳಗೆ, ಕಾಫಿ ಕುಡಿದು ಮಾತಾಡೋಣ" ಎನ್ನುವುದು. ಜಗಳಕ್ಕೆ ಬಂದವರೂ ಕಾಫಿ ಕುಡಿದೇ ಹೋಗುತ್ತಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ಲಂಡನ್ನಿನ ಕೋರ್ಟಿನಿಂದ ಸಮನ್ಸ್ ಬಂದಾಗಲೂ ಅವರು ಅದನ್ನೇ ಮಾಡಹೊರಟರು.

ಅಪ್ಪ ರೇಷ್ಮೆ ಬಟ್ಟೆ ರಫ್ತು ಮಾಡುತ್ತಿದ್ದರು. ಬಣ್ಣ ಬಿಟ್ಟಿತೆಂದು ಅಲ್ಲಿಯ ವ್ಯಾಪಾರಿ ಅಲ್ಲೇ ದಾವೆ ಹಾಕಿದ್ದ. ಗೆದ್ದರೆ ಆ ತೀರ್ಪನ್ನು ಇಲ್ಲಿಗೆ ತಂದು ನಮ್ಮ ಮನೆಯನ್ನೇ ಜಪ್ತಿ ಮಾಡಿಸಬಹುದಿತ್ತು. ನಾನಾಗ ಸಂಜೆ ಕಾಲೇಜಿನಲ್ಲಿ ಕಾನೂನು ಓದುತ್ತಿದ್ದೆ. "ಬನಶಂಕರಿ ದಾಟದ ಹುಡುಗಿಗೆ ಫಾರಿನ್ ತೀರ್ಪು ಯಾಕೆ?" ಎಂದು ಗಿರಿನಗರದ ಚಿಕ್ಕಪ್ಪ ನಗುತ್ತಿದ್ದರು. ಆ ನಗೆಗೆ ಮೈಯೆಲ್ಲ ಉರಿಯುತ್ತಿತ್ತು. ಅದಕ್ಕೇ ವಿದೇಶಿ ತೀರ್ಪುಗಳ ಅಧ್ಯಾಯವನ್ನು ಉರು ಹೊಡೆದಿದ್ದೆ.

ಒಪ್ಪಂದ ಆಗಿದ್ದು ಬೆಂಗಳೂರಿನಲ್ಲಿ, ಅಪ್ಪ ಲಂಡನ್ ನೋಡಿದವರೇ ಅಲ್ಲ. ಅಂಥವರ ಮೇಲೆ ಅಲ್ಲಿಯ ಕೋರ್ಟಿಗೆ ಅಧಿಕಾರವಿಲ್ಲವೆಂದು ಇಲ್ಲಿ ವಾದಿಸಬಹುದು. ಆದರೆ ಬಟ್ಟೆ ಚೆನ್ನಾಗಿತ್ತೋ ಇಲ್ಲವೋ ಎಂದು ಅಲ್ಲಿ ವಾದಕ್ಕಿಳಿದರೆ, ಆ ಕೋರ್ಟನ್ನು ನಾವಾಗಿಯೇ ಒಪ್ಪಿಕೊಂಡಂತೆ. ಅಪ್ಪ ಅಷ್ಟರಲ್ಲಿ ತಮ್ಮ ಬಣ್ಣದ ಗಟ್ಟಿತನದ ಬಗ್ಗೆ ಹಾಳೆಗಟ್ಟಲೆ ಉತ್ತರ ಬರೆದು, ಅಂಚೆಚೀಟಿ ಹುಡುಕುತ್ತಿದ್ದರು.

"ಇದನ್ನ ಕಳಿಸ್ಬೇಡಿ ಅಪ್ಪ."

"ಕೋರ್ಟು ಕರೆದಾಗ ಸುಮ್ನಿದ್ರೆ ಏನಂದ್ಕೊಳ್ತಾರಮ್ಮ? ಅದು ಮರ್ಯಾದೆ ಅಲ್ಲ."

"ಓ ಅನ್ನಿ. ಆದ್ರೆ ಗೇಟಲ್ಲೇ ನಿಂತು ಅನ್ನಿ, ಒಳಗೆ ಕರೀಬೇಡಿ."

ಅಪ್ಪ ಮುಖ ಗಂಟು ಹಾಕಿಕೊಂಡು ಊಟ ಬಿಟ್ಟರು. ನಾನೂ ಬಿಟ್ಟೆ. ಹಟದಲ್ಲಿ ನಾನು ಅವರ ಮಗಳೇ. ಮರುದಿನ ಬೆಳಿಗ್ಗೆ "ನೀನೇ ಬರಿ" ಎಂದು ಪೆನ್ನು ಕೊಟ್ಟರು. ನಮ್ಮ ವಕೀಲರಿಗೆ ತೋರಿಸಿ ಎರಡೇ ಸಾಲು ಕಳಿಸಿದೆವು: ತಮಗೆ ನಮಸ್ಕಾರ. ತಮ್ಮ ಅಧಿಕಾರವನ್ನು ನಾವು ಒಪ್ಪುವುದಿಲ್ಲ. ಮೊದಲ ಸಾಲು ಅಪ್ಪನದು.

ನಾವಿಲ್ಲದೆಯೇ ಅಲ್ಲಿ ತೀರ್ಪಾಯಿತು. ಅದನ್ನು ಹಿಡಿದು ವ್ಯಾಪಾರಿಯ ಕಡೆಯ ವಕೀಲರು ಮನೆ ಜಪ್ತಿಗೆಂದು ಬೆಂಗಳೂರಿನ ಕೋರ್ಟಿಗೆ ಬಂದರು. ಅಷ್ಟು ಹೊತ್ತಿಗೆ ನಾನೂ ಕಪ್ಪು ಕೋಟು ತೊಟ್ಟು ನಮ್ಮ ವಕೀಲರ ಪಕ್ಕ ನಿಲ್ಲುವಂತಾಗಿದ್ದೆ. ನ್ಯಾಯಾಧೀಶರು ಆ ಎರಡು ಸಾಲನ್ನು ಮತ್ತೊಮ್ಮೆ ಓದಿಸಿ, ಇದರಲ್ಲಿ ಒಪ್ಪಿಗೆ ಎಲ್ಲಿದೆ ಎಂದು ಕೇಳಿದರು. ಅರ್ಜಿ ವಜಾ ಆಯಿತು.

ಹೊರಗೆ ಮೆಟ್ಟಿಲ ಮೇಲೆ ಅಪ್ಪ ಎದುರು ಪಕ್ಷದ ವಕೀಲರ ಕೈ ಹಿಡಿದುಕೊಂಡು ನಿಂತಿದ್ದರು. "ಸಾರ್, ಮನೆಗೆ ಬನ್ನಿ, ಕಾಫಿ ಕುಡಿದು ಹೋಗೋರಂತೆ" ಎಂದವರು, ತಟ್ಟನೆ ಏನೋ ನೆನಪಾಗಿ ನನ್ನ ಕಡೆ ತಿರುಗಿದರು.

"ಈಗ ಒಳಗೆ ಕರೀಬಹುದೇನಮ್ಮ?"