ಹಡಗಿನ ಕಥೆಗೆ ಹತ್ತಕ್ಕೆ ಹತ್ತು

ಆ ದಿನಗಳಲ್ಲಿ ನಮ್ಮ ವಾರ ಐತಾರದಿಂದ ಐತಾರಕ್ಕೆ ನಡೆಯುತ್ತಿತ್ತು. ಊರಿಗೆ ಒಂದೋ ಎರಡೋ ಟೀವಿ ಇದ್ದ ಕಾಲ. ಮಾಳಿಗೆ ಹತ್ತಿ ಆ್ಯಂಟೆನಾ ತಿರುಗಿಸುವವನೊಬ್ಬ, ಕೆಳಗಿನಿಂದ "ಬಂತು, ಬಂತು, ಅಯ್ಯ ಹೋತು!" ಎಂದು ಕೂಗಲು ಮನೆ ತುಂಬ ಜನ. ನನ್ನ ವಯಸ್ಸಿನವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ.

ಐತಾರ ಮುಂಜಾನೆ ಬರುತ್ತಿದ್ದ ಒಂದು ಧಾರಾವಾಹಿಗೆ ಹಿಂದಿಯಲ್ಲಿ ಬಾಯಿ ತುಂಬುವಂಥ ಹೆಸರಿತ್ತು. ನಾವು ಕರೆಯುತ್ತಿದ್ದದ್ದು 'ಹಡಗಿನ ಕಥಿ' ಅಂತ. ನಕ್ಷತ್ರಗಳ ನಡುವೆ ಓಡಾಡುವ ಹಡಗು, ಅದಕ್ಕೊಬ್ಬ ಗಡ್ಡದ ಕಪ್ತಾನ, ಅವನ ಮಾತಿಗೆ ಎದುರು ಮಾತು ಕೊಡುವ ಡಾಕ್ಟರಮ್ಮ, ವಾರಕ್ಕೊಂದು ಹೊಸ ಲೋಕ, ಹೊಸ ಕಥೆ. ಆ ಲೋಕಗಳೆಲ್ಲ ರಟ್ಟು, ಥರ್ಮಾಕೋಲುಗಳವು ಅಂತ ಈಗ ನೋಡಿದರೆ ತಿಳಿಯುತ್ತದೆ. ಆಗ ಹಾಗೆ ಅನ್ನಿಸಿದ್ದೇ ಇಲ್ಲ.

ನಾನಾಗ ಏಳನೇ ಇಯತ್ತೆ. ಶಹಾಬಾದಿನಿಂದ ಭಂಕೂರ ದಾಟಿ ಮುಂದೆ ಹೋದರೆ ಸಿಗುವ ಸಣ್ಣ ಊರು ನಮ್ಮದು. ಅಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯಲ್ಲಿ ಕಲ್ಲು ಎಬ್ಬಿಸುತ್ತಿದ್ದ, ಅವ್ವ ಕಂಡವರ ಹೊಲಕ್ಕೆ ಹೋಗುತ್ತಿದ್ದಳು. ಸಾಲಿಗೆ ನಾನು ಶಹಾಬಾದಿಗೆ ಹೋಗುತ್ತಿದ್ದೆ. ಅಲ್ಲಿ ನನಗೆ ಇಬ್ಬರು ಗೆಳತಿಯರು. ಶೈಲಾಳ ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಬಿಳಿ ರಿಬ್ಬನ್ನಿನ ಎರಡು ಜಡೆ, ಹಣೆಯ ಮೇಲೆ ತೆಳ್ಳಗೆ ಎಳೆದ ವಿಭೂತಿ. ರಜಿಯಾಳ ಅಪ್ಪನದು ಸೈಕಲ್ ರಿಪೇರಿ ಅಂಗಡಿ. ಅವಳ ಉಗುರಲ್ಲೂ ಒಂದಿಷ್ಟು ಕರಿ ಗ್ರೀಸು ಇರುತ್ತಿತ್ತು.

ಸೋಮವಾರ ಊಟದ ಬಿಡುವಿನಲ್ಲಿ ಬೇವಿನ ಗಿಡದ ಕೆಳಗೆ ನಮ್ಮ ಪಂಚಾಯಿತಿ. ರೊಟ್ಟಿ, ಶೇಂಗಾದ ಹಿಂಡಿ, ರಜಿಯಾ ತಂದ ಖಿಚಡಿ ಹಂಚಿಕೊಂಡು, ಕುಂಟಬಿಲ್ಲೆಯ ಕಲ್ಲನ್ನು ಪಕ್ಕಕ್ಕಿಟ್ಟು, ಹಿಂದಿನ ದಿನದ ಕಥೆಗೆ ಮಾರ್ಕು ಹಾಕುವುದು. ಹತ್ತಕ್ಕೆ ಎಷ್ಟು? ರಜಿಯಾಳಿಗೆ ಹೊಡೆದಾಟ ಇರಬೇಕು. ಇಲ್ಲದಿದ್ದರೆ ನಾಲ್ಕರ ಮೇಲೆ ಏರುತ್ತಿರಲಿಲ್ಲ. ಶೈಲಾಳಿಗೆ ಕೊನೆಗೆ ಎಲ್ಲರೂ ನಗುತ್ತಿರಬೇಕು. ನಾನು ಮಾರ್ಕು ಹಾಕುತ್ತಿದ್ದದ್ದು ಹಡಗಿನವರು ಆಡಿದ ಮಾತುಗಳಿಗೆ.

"ಡಾಕ್ಟರಮ್ಮ ಏನಂದ್ಳು ನೆನಪದಾ?" ಎಂದು ನಾನು ಶುರು ಮಾಡಿದರೆ ಇಬ್ಬರೂ ಕೈಯಲ್ಲಿನ ತುತ್ತು ಹಾಗೇ ಹಿಡಿದು ಕೂರುತ್ತಿದ್ದರು. "'ಕಪ್ತಾನ್ ಸಾಹೇಬ್ರ, ನಿಮ್ಮ ಹಡಗು ಎಷ್ಟ ದೂರ ಹೋದ್ರೂ ನಿಮ್ಮ ಸಿಟ್ಟು ನಿಮ್ಮ ಸಂಗಾಟೇ ಬರ್ತದ' ಅಂದ್ಳು."

"ಹಂಗ ಅಂದ್ಳಾ? ನಂಗ ಕೇಳೇ ಇಲ್ಲಲ್ಲ," ಎನ್ನುತ್ತಿದ್ದಳು ಶೈಲಾ.

"ನೀ ಲಕ್ಷ್ಯ ಕೊಟ್ಟು ಕೇಳಂಗಿಲ್ಲ."

ಖರೆ ಅಂದರೆ ಕೇಳದವಳು ನಾನು. ಒಂದು ಕಥೆಯ ಒಂದು ಮಾತನ್ನೂ ನಾನು ಕಿವಿಯಾರೆ ಕೇಳಿರಲಿಲ್ಲ.

ನಮ್ಮ ಊರಲ್ಲಿ ಟೀವಿ ಇದ್ದದ್ದು ಸಾವಕಾರರ ಮನೆಯಲ್ಲಿ. ಅವರದು ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ, ಮನೆಗೆ ಹತ್ತಿಕೊಂಡೇ ಇತ್ತು. ಊರಿನ ಉಳಿದ ಮಕ್ಕಳು ಪಡಸಾಲೆಯಲ್ಲಿ ಕೂತು ನೋಡುತ್ತಿದ್ದರು. ನಮ್ಮ ಕೇರಿಯವರು ಆ ಪಡಸಾಲೆ ಹತ್ತುವಂತಿರಲಿಲ್ಲ. ಹತ್ತಬೇಡಿ ಅಂತ ನನ್ನೆದುರು ಯಾರೂ ಅಂದದ್ದಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ, ನಡೆಯಲು ಬಂದಾಗಿನಿಂದ ನಮಗೆ ಅದು ಗೊತ್ತಿತ್ತು. ಹಿತ್ತಲ ಕಡೆ ಒಂದು ಕಿಟಕಿ. ಅದರ ಕೆಳಗೆ ಒಡೆದ ಫರಸಿಗಳನ್ನು ಒಟ್ಟಿದ್ದರು. ಅದರ ಮೇಲೆ ನಿಂತು ಸರಳು ಹಿಡಿದುಕೊಂಡರೆ ಟೀವಿ ಕಾಣುತ್ತಿತ್ತು. ಆದರೆ ನಮ್ಮ ಬೆನ್ನ ಹಿಂದೆಯೇ ಪಾಲಿಶ್ ಮಷೀನು. ಕರೆಂಟು ಇದ್ದಾಗ ಅದನ್ನು ನಿಲ್ಲಿಸುವವರಿಲ್ಲ. ಕರೆಂಟು ಹೋಗಿ ಅದು ನಿಂತರೆ ಟೀವಿಯೂ ಹೋಯಿತು. ಹಾಗಾಗಿ ಕಪ್ತಾನ ಬಾಯಿ ತೆರೆದಾಗೆಲ್ಲ ನನಗೆ ಕೇಳುತ್ತಿದ್ದದ್ದು ಕಲ್ಲು ಉಜ್ಜುವ ಗರಗರ. ಕಾಲಿಗೆ ಕಲ್ಲಿನ ಪುಡಿ ಕಲೆತ ಬಿಳಿ ರಾಡಿ, ಮೂಗಿಗೆ ಹಸಿ ಸುಣ್ಣದಂಥ ವಾಸನೆ.

ಸಾವಕಾರರ ಮನೆಯ ದೊಡ್ಡಮ್ಮ ಕೆಟ್ಟವಳೆಂದು ನಾನು ಹೇಳಲಾರೆ. ಚಳಿಗಾಲದಲ್ಲಿ ಉಪ್ಪು ಹಾಕಿ ಕುದಿಸಿದ ಹಸಿ ತೊಗರಿಕಾಯಿ ತಂದು, ನಾವು ಲಂಗ ಒಡ್ಡಿದರೆ ಮೇಲಿನಿಂದ ಸುರಿಯುತ್ತಿದ್ದಳು. "ತಿನ್ರವಾ, ಬಿಸಿ ಅದಾವ," ಎನ್ನುತ್ತಿದ್ದಳು. ಆ ಕಾಯಿಯ ರುಚಿ ಈಗಲೂ ನನಗೆ ಇಷ್ಟ.

ತುಟಿಗಳನ್ನು ನೋಡುತ್ತ, ಮುಖಗಳನ್ನು ನೋಡುತ್ತ, ಇವರು ಹೀಗೆ ಅಂದಿರಬೇಕು ಅಂತ ನಾನೇ ಮಾತು ಕೂಡಿಸಿಕೊಳ್ಳುತ್ತಿದ್ದೆ. ಸೋಮವಾರ ಮೊದಲು ಅವರಿಬ್ಬರಿಗೂ ಮಾತಾಡಲು ಬಿಟ್ಟು, ಕಥೆಯ ಎಳೆ ಸಿಕ್ಕ ಮೇಲೆ ನನ್ನದನ್ನು ಸೇರಿಸುತ್ತಿದ್ದೆ. ಅವರಿಗೆ ಗುಮಾನಿ ಬರಲಿಲ್ಲ. ಮೊದಲ ಸಲ ಶೈಲಾ, "ಸುಜಾತಾ, ನಿಮ್ಮ ಮನ್ಯಾಗ ಟೀವಿ ಅದಾ?" ಎಂದು ಕೇಳಿದಾಗ "ಅದ" ಅಂತ ನನ್ನ ಬಾಯಿಂದ ಬಂದುಬಿಟ್ಟಿತ್ತು. "ಕಲರ್ರಾ?" ಅಂದಳು. "ಇಲ್ಲ, ಬ್ಲ್ಯಾಕ್ ಅಂಡ್ ವೈಟ್," ಅಂದೆ. ಅಷ್ಟು ಕಡಿಮೆ ಹೇಳಿಕೊಂಡಿದ್ದರಿಂದಲೇ ಅವಳು ನಂಬಿದಳು.

ಆ ಚಳಿಗಾಲದಲ್ಲಿ ಮುದುಕಿಯ ಕಥೆ ಬಂತು. ಯಾರೂ ಇಲ್ಲದ ಒಂದು ಲೋಕದಲ್ಲಿ ಹಡಗು ಇಳಿಯುತ್ತದೆ. ಅಲ್ಲಿ ಒಬ್ಬಳೇ ಮುದುಕಿ. ಹಡಗಿನವರು ಅವಳನ್ನು ಒಳಗೆ ಕರೆದು ಊಟ ಹಾಕುತ್ತಾರೆ. ಆಮೇಲೆ ಏನೋ ದೊಡ್ಡ ಮಾತುಕತೆ. ಕೊನೆಗೆ ಮುದುಕಿ ಕೆಳಗೆ ನಿಂತಿರುವಾಗ ಹಡಗಿನ ಬಾಗಿಲು ಮುಚ್ಚುತ್ತದೆ. ಅವಳ ತುಟಿ ಅಲುಗುತ್ತಲೇ ಇರುತ್ತದೆ. ಹಡಗು ಏಳುತ್ತದೆ. ಅವಳು ಒಂದು ಬಂಡೆಯ ಮೇಲೆ ಕೂತುಬಿಡುತ್ತಾಳೆ. ಕಥೆ ಮುಗಿದ ಮೇಲೂ ನಾನು ಸರಳು ಬಿಡಲಿಲ್ಲ.

ಸೋಮವಾರ ಮಾತ್ರ ನನಗೆ ಕಾಯಲು ಆಗಲಿಲ್ಲ. ನಾನೇ ಮೊದಲು ಹೇಳಿದೆ. "ಹತ್ತಕ್ಕ ಹತ್ತು! ಕಪ್ತಾನ 'ಬಾರವಾ, ಕರ್ಕೊಂಡು ಹೋಗ್ತೀವಿ' ಅಂತಾನ. ಅಕಿ ಏನಂತಾಳ? 'ನೀವು ಹೋಗ್ರಿ. ಎಲ್ಲಾರೂ ಹೋದ್ರ ಇಲ್ಲಿ ದೀಪಾ ಹಚ್ಚೋರು ಯಾರು? ದಾರಿ ತಪ್ಪಿದ ಹಡಗಿಗೆ ಒಂದು ಬೆಳಕಾದ್ರೂ ಕಾಣ್ಲಿ' ಅಂತಾಳ."

ರಜಿಯಾ ನನ್ನನ್ನೇ ನೋಡುತ್ತಿದ್ದಳು. ಶೈಲಾ ಜೋರಾಗಿ ನಕ್ಕಳು.

"ಏನ್ ಹೇಳ್ಲಿಕತ್ತೀ? ಅಕಿ ಕಳ್ಳಿ! ಹಡಗಿನ ಎಣ್ಣಿ ಕದ್ದಾಳ. ಅದಕ್ಕೇ ಕಪ್ತಾನ ಹೊರಗ ಹಾಕ್ತಾನ. ಕೊನಿಗಿ ಅಕಿ 'ಒಳಗ ಬಿಡ್ರಿ, ಒಳಗ ಬಿಡ್ರಿ' ಅಂತ ಅಳ್ತಾಳ. ಎರಡು ಮಾರ್ಕು ಸುದ್ದಾ ಭಾಳ."

"ಸುಳ್ಳು! ಅಕಿ ಬೇಡ್ಕೊಳ್ಳಂಗಿಲ್ಲ."

"ಬೇಡ್ಕೋತಾಳ."

"ಬಿಲ್ಕುಲ್ ಇಲ್ಲ!" ನಾನು ಎದ್ದು ನಿಂತಿದ್ದೆ. ನನ್ನ ರೊಟ್ಟಿ ಮಣ್ಣಿಗೆ ಬಿದ್ದಿತ್ತು. ಒಂದು ಕಥೆಗಾಗಿ ಅಷ್ಟು ಸಿಟ್ಟು ಎಲ್ಲಿಂದ ಬಂತು ಅಂತ ಆಗ ನನಗೂ ತಿಳಿಯಲಿಲ್ಲ.

ನಡುವೆ ಬಂದವಳು ರಜಿಯಾ. "ಅರೇ, ಯಾಕ ಜಗಳಾ? ಬರೂ ಐತಾರ ಅದೇ ಕಥಿ ಮತ್ತ ಹಾಕ್ತಾರಂತ, ಟೀವ್ಯಾಗೇ ಹೇಳ್ಯಾರ. ಮೂರೂ ಮಂದಿ ಕೂಡಿ ನೋಡಾಮು."

"ಸುಜಾತಾನ ಮನ್ಯಾಗ ನೋಡಾಮು," ಅಂದಳು ಶೈಲಾ. "ನಾವು ಅಕಿ ಊರು ಒಮ್ಮೆನೂ ನೋಡಿಲ್ಲ."

ಬೇಡ ಅನ್ನಲು ಆ ವಾರವಿಡೀ ಒಂದೊಂದು ನೆಪ ಹುಡುಕಿದೆ. ಟೀವಿ ಕೆಟ್ಟಿದೆ ಅಂದೆ. ಅವ್ವನಿಗೆ ಜ್ವರ ಅಂದೆ. ಕೊನೆಗೆ ಶನಿವಾರ ಶೈಲಾ, "ಹಂಗಾದ್ರ ಬ್ಯಾಡ ಬಿಡು," ಎಂದಾಗ ನೆಮ್ಮದಿಯಾಗಿ ಮನೆಗೆ ಬಂದೆ.

ಐತಾರ ನಾನು ಕಿಟಕಿಗೆ ಹೋದೆ. ಹೋಗದೆ ಇರಬಹುದಿತ್ತು. ಆದರೆ ಮುದುಕಿಯ ತುಟಿಗಳನ್ನು ಇನ್ನೊಮ್ಮೆ ನೋಡಲೇಬೇಕಿತ್ತು. ಕಥೆ ಶುರುವಾಗಿ ಸ್ವಲ್ಪ ಹೊತ್ತಿಗೆ ಯಾರೋ ನನ್ನ ಲಂಗ ಜಗ್ಗಿದರು. ತಿರುಗಿದರೆ ಕೆಳಗೆ ರಜಿಯಾ. ಅವಳ ಹಿಂದೆ, ರಾಡಿ ತಾಗದಂತೆ ಲಂಗ ಎತ್ತಿ ಹಿಡಿದುಕೊಂಡು ಶೈಲಾ. ನನ್ನನ್ನು ಬೆರಗುಗೊಳಿಸಬೇಕೆಂದು ಇಬ್ಬರೂ ಹೇಳದೆ ಕೇಳದೆ ಬಂದಿದ್ದರು. ಟೀವಿ ಇರುವ ಮನೆ ಯಾವುದು ಅಂತ ಕೇಳಿದಾಗ ಊರವರು ಈ ಮನೆ ತೋರಿಸಿದ್ದರು.

"ಇದೇ ಏನು ನಿಮ್ಮ ಮನಿ?" ಎಂದು ಶೈಲಾ ಕೇಳಿದಳು. ಅವಳಿಗೆ ನಿಜವಾಗಿಯೂ ತಿಳಿದಿರಲಿಲ್ಲ.

ನಾನು ಉತ್ತರ ಕೊಡುವ ಮುಂಚೆ ದೊಡ್ಡಮ್ಮ ಹಿತ್ತಲ ಬಾಗಿಲಿಗೆ ಬಂದಳು. ಶೈಲಾಳ ಹಣೆ ನೋಡಿದಳು, ಯಾರ ಮಗಳೆಂದು ಕೇಳಿ ತಿಳಿದುಕೊಂಡಳು. "ಅಯ್ಯ, ಹೊರಗ್ಯಾಕ ನಿಂತೀರವಾ? ಒಳಗ ಬರ್ರಿ, ಕುಂದ್ರಿ ಬರ್ರಿ," ಅಂದಳು.

"ಬಾ ಸುಜಾತಾ," ಅಂತ ಶೈಲಾ ನನ್ನ ಕೈ ಹಿಡಿದಳು.

ದೊಡ್ಡಮ್ಮ ಜೋರು ಮಾಡಲಿಲ್ಲ. "ಅಕಿ ಅಲ್ಲೇ ನೋಡ್ತಾಳವಾ, ಅಕಿಗಿ ರೂಢಿ ಅದ. ನೀವು ಬರ್ರಿ," ಎಂದಳು, ನನ್ನ ಅನುಕೂಲವನ್ನೇ ವಿಚಾರಿಸಿಕೊಂಡಂತೆ.

ಶೈಲಾಳ ಕೈ ಸಡಿಲವಾಯಿತು. ಅವಳು ಒಂದು ಗಳಿಗೆ ನನ್ನ ಮುಖ, ಒಂದು ಗಳಿಗೆ ಬಾಗಿಲು ನೋಡಿ, ಚಪ್ಪಲಿ ಬಿಟ್ಟು ಒಳಗೆ ಹೋದಳು. ಹನ್ನೆರಡು ವರ್ಷದ ಹುಡುಗಿ. ದೊಡ್ಡವರು ಕರೆದರು, ಹೋದಳು.

"ನಾ ಇಲ್ಲೇ ನಿಂದ್ರತೀನ್ರಿ," ಎಂದಳು ರಜಿಯಾ. ಫರಸಿ ಹತ್ತಿ ನನ್ನ ಪಕ್ಕ ನಿಂತು ಸರಳು ಹಿಡಿದುಕೊಂಡಳು.

ತುಸು ಹೊತ್ತಿಗೆ ದೊಡ್ಡಮ್ಮ ತೊಗರಿಕಾಯಿ ತಂದಳು. ನಾನು ರೂಢಿಯಂತೆ ಲಂಗ ಒಡ್ಡಿದೆ. ರಜಿಯಾ ಬುಟ್ಟಿಗೆ ಕೈ ಹಾಕಹೋದಳು. ಬುಟ್ಟಿ ಮೇಲಕ್ಕೆ ಹೋಯಿತು. ನನ್ನನ್ನು ನೋಡಿ ಅವಳೂ ಓಢಣಿ ಒಡ್ಡಿದಳು. ಮೇಲಿನಿಂದ ಕಾಯಿ ಬಿದ್ದವು. ಅವಳು ಒಂದನ್ನೂ ತಿನ್ನಲಿಲ್ಲ.

ಒಳಗೆ ಶೈಲಾ ಚಾಪೆಯ ಮೇಲೆ ಕೂತಿದ್ದಳು. ಟೀವಿಯಲ್ಲಿ ಕಪ್ತಾನ ಕೈ ಎತ್ತಿ ಏನೋ ಹೇಳುತ್ತಿದ್ದ. ರಜಿಯಾ ಕಿವಿಯನ್ನು ಸರಳಿಗೆ ಒತ್ತಿದಳು. ಮಷೀನಿನ ಕಡೆ ತಿರುಗಿದಳು. ಮತ್ತೆ ಒತ್ತಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಾಯಿ ತಂದು, "ಇಲ್ಲಿ ಏನೂ ಕೇಳಂಗಿಲ್ಲಲ್ಲ?" ಎಂದು ಕೂಗಿದಳು.

ನಾನು ತಲೆ ಅಲ್ಲಾಡಿಸಿದೆ.

"ಹಂಗಾದ್ರ ಅಷ್ಟೆಲ್ಲಾ ಮಾತು?"

ನನ್ನ ಕಿವಿ, ಕುತ್ತಿಗೆ ಸುಡುತ್ತಿದ್ದವು. ಟೀವಿ ಇಲ್ಲದ್ದು, ಒಳಗೆ ಹೋಗಲಾಗದ್ದು, ಕೇಳದೆ ಕೇಳಿದೆನೆಂದದ್ದು, ಎಲ್ಲವನ್ನೂ ಒಂದೇ ಮುಂಜಾನೆ ಅವಳು ನೋಡಿಬಿಟ್ಟಿದ್ದಳು.

ಅವಳು ನಗಲಿಲ್ಲ. ಒಳಗೆ ಮುದುಕಿ ಬಾಗಿಲ ಕೆಳಗೆ ನಿಂತಿದ್ದಳು, ತುಟಿ ಅಲುಗುತ್ತಿತ್ತು. ರಜಿಯಾ ನನ್ನ ಮೊಣಕೈ ಹಿಡಿದು, "ಈಗ ಅಕಿ ಏನಂತಾಳ? ನೀ ಹೇಳು, ನಾ ಕೇಳ್ತೀನಿ," ಎಂದಳು.

ಅಷ್ಟು ವಾರ ತಾವಾಗಿ ಬಂದ ಮಾತುಗಳು ಆಗ ಬರಲಿಲ್ಲ. ನಾನು ಫರಸಿಯಿಂದ ಇಳಿದು, ಲಂಗದ ಕಾಯಿ ರಾಡಿಯಲ್ಲಿ ಚೆಲ್ಲುತ್ತ ಮನೆಗೆ ಓಡಿದೆ. ಹಿಂದಿನಿಂದ ಅವಳು ಕೂಗುತ್ತಿದ್ದದ್ದು ಮಷೀನಿನ ಸದ್ದಿನಲ್ಲೂ ಒಂದಿಷ್ಟು ಕೇಳುತ್ತಿತ್ತು.

ಅವ್ವ ಒಲೆಯ ಮುಂದಿದ್ದಳು. "ಯಾಕ, ಕರೆಂಟ್ ಹೋತೇನು?" ಎಂದಳು. ನನ್ನ ಮುಖ ನೋಡಿ ಹಂಚಿನ ಮೇಲಿನ ರೊಟ್ಟಿ ಮರೆತಳು. ನಾನು ಹೇಳಿದೆ, ಎಲ್ಲ ಅಲ್ಲ, ಗೆಳತಿಯರು ಬಂದಿದ್ದರು ಅಂತಷ್ಟೆ. ರೊಟ್ಟಿ ಸೀದ ವಾಸನೆ ಮನೆ ತುಂಬಿತು. ಅವ್ವ ಅದನ್ನು ತೆಗೆದು ಪಕ್ಕಕ್ಕಿಟ್ಟು, "ಅವರಿಗಿ ನಮ್ಮ ಮನಿಗಿ ಕರ್ಕೊಂಡು ಬರಬೇಕಿತ್ತು. ನೀರಾದ್ರೂ ಕುಡೀತಿದ್ರು," ಎಂದಳು. ನನ್ನ ಕಡೆ ನೋಡದೆ ಮತ್ತೆ ಹಿಟ್ಟು ನಾದತೊಡಗಿದಳು. ಗೆಳತಿಯರನ್ನು ನಮ್ಮ ಮನೆಗೆ ಕರೆಯಬಹುದೆಂಬುದು ನನ್ನ ತಲೆಗೆ ಬಂದಿರಲೇ ಇಲ್ಲ. ಅದು ಅವ್ವನಿಗೂ ತಿಳಿದಿತ್ತು.

ನಾನು ಮತ್ತೆ ಆ ಕಿಟಕಿಗೆ ಹೋಗಲಿಲ್ಲ. ಸೋಮವಾರ ಶೈಲಾ ನನ್ನ ಮುಖ ನೋಡಲು ಕಷ್ಟಪಟ್ಟು, "ಅಕಿ ಕಳ್ಳಿ ಅನ್ನೋದು ಖರೆ," ಎಂದಷ್ಟೇ ಹೇಳಿದಳು. "ಹೌದು," ಅಂದೆ. ಮಾರ್ಕಿನ ಪಂಚಾಯಿತಿ ಅಲ್ಲಿಗೇ ನಿಂತಿತು.

ಈಗ ನಾನು ಚಿತ್ತಾಪುರದಲ್ಲಿ ಸರ್ಕಾರಿ ಕೆಲಸದಲ್ಲಿದ್ದೇನೆ. ಆ ಧಾರಾವಾಹಿಯ ಅಭಿಮಾನಿಗಳ ಒಂದು ಗುಂಪು ಫೋನಿನಲ್ಲಿದೆ. ಎಲ್ಲೆಲ್ಲಿಯವರೋ ಸೇರಿಕೊಂಡಿದ್ದಾರೆ. ನಲವತ್ತು, ಐವತ್ತು ದಾಟಿದವರು ಯಾವ ಕಥೆ ಮೇಲು, ಯಾವುದು ಕೀಳು ಅಂತ ಮಕ್ಕಳಂತೆ ಜಗಳಾಡುತ್ತಾರೆ. ಮುದುಕಿಯ ಕಥೆಗೆ ಒಳ್ಳೆಯ ಮಾರ್ಕು ಕೊಡುವವರು ಇಲ್ಲವೆಂದರೂ ಸರಿ. ನಾನು ಓದುತ್ತೇನೆ, ಬರೆಯುವುದಿಲ್ಲ. ಒಮ್ಮೆ ಯಾರೋ, ನೀವೆಲ್ಲ ಇದನ್ನು ಮೊದಲು ಎಲ್ಲಿ ಕೂತು ನೋಡಿದಿರಿ ಎಂದು ಕೇಳಿದರು. ಅಜ್ಜಿಯ ಮಡಿಲಲ್ಲಿ, ನಡುಮನೆಯಲ್ಲಿ, ಚಿಕ್ಕಪ್ಪನ ಮನೆಯಲ್ಲಿ ಎಂದು ಉತ್ತರಗಳು ಬಂದವು. 'ನಿಂತು' ಎಂದು ಬರೆದು ಅಳಿಸಿದೆ. ಇಷ್ಟು ವಯಸ್ಸಾದ ಮೇಲೂ ಕುತ್ತಿಗೆ ಬಿಸಿಯಾಯಿತು. ನಾಚಬೇಕಾದವರು ಬೇರೆ ಅಂತ ನನಗೆ ಗೊತ್ತಿದೆ. ಗೊತ್ತಿದೆ ಅಂದಮಾತ್ರಕ್ಕೆ ನಾಚಿಕೆ ಹೋಗುವುದಿಲ್ಲ.

ಲೆಕ್ಕ ಹಾಕಿದರೆ ನಾನು ಕಳೆದುಕೊಂಡದ್ದು ರಜಿಯಾಳನ್ನು. ಶೈಲಾಳ ಜೊತೆ ಮಾತು ಉಳಿಯಿತು. ಅವಳ ಮದುವೆಗೂ ಹೋಗಿ ಉಂಡು ಬಂದೆ. ರಜಿಯಾ ಮಾತ್ರ ಆ ಸೋಮವಾರ ತನ್ನ ಡಬ್ಬಿ ಹಿಡಿದು ನನ್ನ ಪಕ್ಕ ಕೂರಲು ಬಂದಾಗ ನಾನು ಎದ್ದು ಬೇರೆ ಕಡೆ ಹೋದೆ. ಮರುದಿನವೂ ಬಂದಳು, ಮರುದಿನವೂ ಎದ್ದೆ. ಒಳಗೆ ಹೋದ ಶೈಲಾ ಹೊರಗೆ ನಿಂತ ನನ್ನನ್ನು ಸರಿಯಾಗಿ ನೋಡಿರಲಿಲ್ಲ, ಅವಳೆದುರು ನಾನು ಹೇಗೋ ಕೂರಬಲ್ಲವಳಾಗಿದ್ದೆ. ಪಕ್ಕದಲ್ಲೇ ನಿಂತು ಎಲ್ಲ ನೋಡಿದವಳ ಮುಖ ನೋಡಲು ನನ್ನಿಂದ ಆಗಲಿಲ್ಲ. ಬೇಸಿಗೆ ಸೂಟಿಗೆ ಮೊದಲೇ ಅವಳ ಅಪ್ಪ ಅಂಗಡಿ ಮುಚ್ಚಿ ಸಂಸಾರ ಸಮೇತ ಶಹಾಬಾದ್ ಬಿಟ್ಟರು. ವಾಡಿಗೆ ಹೋದರು ಅಂತ ಕೆಲವರು, ತಾಂಡೂರಿಗೆ ಅಂತ ಕೆಲವರು ಹೇಳಿದರು. ಹೋಗುವ ಹಿಂದಿನ ದಿನ ಅವಳು ಸಾಲಿಯ ಗೇಟಿನಲ್ಲಿ ನನಗಾಗಿ ಕಾದಿದ್ದಳಂತೆ. ನಾನು ದಿನದಂತೆ ಅವಳ ಕಣ್ಣು ತಪ್ಪಿಸಿ ಸಾಲಿಯ ಹಿಂದಿನ ದಾರಿಯಿಂದ ಬಸ್ಸಿಗೆ ಹೋಗಿದ್ದೆ.