ಬರ್ಫ ಕಂಡ ಕೋಟು

ಆ ದಿನವೂ ಹಾಲು ಕಾಯಿಸಿ, ಜೋಳದ ಹಿಟ್ಟು ನಾದಿ, ರೊಟ್ಟಿ ಬಡಿಯುತ್ತಿದ್ದೆ. ನವನಗರದ ನಮ್ಮ ಮನೆಯಲ್ಲಿ ಡಿಸೆಂಬರಿನ ಚಳಿ ಎಂದರೆ ಇಷ್ಟೇ: ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿರುತ್ತದೆ, ಅದನ್ನು ಒಲೆಯ ಪಕ್ಕ ಇಡಬೇಕು. ಅತ್ತೆಯವರು ಲಿಂಗಪೂಜೆ ಮುಗಿಸಿ, ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬಿಸಿಲು ಬೀಳುವ ಮೆಟ್ಟಿಲ ಮೇಲೆ ಕೂತಿದ್ದರು.

“ಇವತ್ತ ತಿಕೀಟ ತಗಸಬೇಕು. ಎಲ್ಲಿಗಂತ ಜಲ್ದಿ ಹೇಳ್ರಿ” ಎಂದರು ಯಜಮಾನರು.

“ಗುಲ್ಮಾರ್ಗ ಪಪ್ಪಾ! ಅಲ್ಲಿ ಬರ್ಫ ಗ್ಯಾರಂಟಿ. ಮನಾಲಿದಾಗ ಬಿದ್ರ ಬಿತ್ತು, ಇಲ್ಲಂದ್ರ ಇಲ್ಲ.”

ಕಾಲೇಜಿಗೆ ಹೋಗುವ ಮಗಳು ವಾರವಿಡೀ ಅದೇ ಜಪ ಮಾಡುತ್ತಿದ್ದಳು. ಮೊಣಕಾಲಿನವರೆಗೆ ಹಿಮದಲ್ಲಿ ಹೂತು ನಿಂತವರ, ತಂತಿಯ ಮೇಲೆ ತೂಗುವ ಡಬ್ಬಿಯೊಳಗೆ ಕೂತು ಬೆಟ್ಟ ಏರುವವರ ಫೋಟೋಗಳನ್ನು ನಮ್ಮ ಮುಖಕ್ಕೇ ಹಿಡಿಯುತ್ತಿದ್ದಳು.

“ಆತು, ಗುಲ್ಮಾರ್ಗ. ಅವ್ವ ಹೆಂಗೂ ಇಳಕಲ್ಲಿಗೆ ಹೋಗ್ತಾಳ” ಎಂದರು ಇವರು, ರೊಟ್ಟಿ ಮುರಿಯುತ್ತ.

ಅದು ಎಂದೂ ಚರ್ಚೆಯ ವಿಷಯವಾಗಿರಲಿಲ್ಲ. ನಾವು ಎಲ್ಲಿಗೇ ಹೊರಟರೂ ಅತ್ತೆಯವರು ಮೊಣಕಾಲು ನೋವಿನ ನೆಪದಲ್ಲಿ ಇಳಕಲ್ಲಿನ ಮಗಳ ಮನೆಗೆ ಹೋಗುತ್ತಿದ್ದರು. ಈ ಸಲವೂ ಮೆಟ್ಟಿಲಿನಿಂದಲೇ, “ಹೂನಪಾ, ನನಗ್ಯಾಕ ಆ ಥಂಡಿ?” ಎಂದರು.

ನಾನೂ ನಂಬುತ್ತಿದ್ದೆನೇನೋ. ಆದರೆ ಹಸಿಬಟಾಣಿಗೆಂದು ಫ್ರೀಜರ್ ತೆರೆದಾಗ ಐಸಿನ ಟ್ರೇಯಲ್ಲಿ ಅಲ್ಲಲ್ಲಿ ಖಾಲಿ ಕಂಡಿತು. ಡಿಸೆಂಬರಿನಲ್ಲಿ ನಮ್ಮಲ್ಲಿ ಶರಬತ್ತು ಕುಡಿಯುವವರಾರು? ಹಿತ್ತಲಿಗೆ ಹೋದರೆ, ಮೆಟ್ಟಿಲಿನಿಂದ ಎದ್ದುಬಂದ ಅತ್ತೆಯವರು ನೀರಿನ ಟಾಕಿಯ ಮರೆಯಲ್ಲಿ ಮುಷ್ಟಿ ಬಿಗಿಹಿಡಿದು ನಿಂತಿದ್ದಾರೆ. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕುತ್ತಿದೆ.

ಬೆಲ್ಲ ಕದ್ದು ಸಿಕ್ಕಿಬಿದ್ದ ಕೂಸಿನ ಹಾಗೆ ನಕ್ಕರು. “ಸುಮ್ನ ನೋಡ್ದೆ. ಬರ್ಫ ಇಷ್ಟ ತಂಪ ಇರತೈತೇನ ಯವ್ವಾ?”

“ಇದಕ್ಕಿಂತ ಮೆತ್ತಗಿರತೈತಂತ್ರಿ ಅತ್ತಿ. ಹಿಂಜಿದ ಅರಳಿಗತೆ.”

“ಹಂಗಾದ್ರ ತಡಕೋತಿದ್ದೆ” ಎಂದು ಕೆಂಪಾಗಿದ್ದ ಅಂಗೈಯನ್ನು ಸೆರಗಿಗೆ ಒರೆಸಿಕೊಂಡರು.

ಅರಳೆಯ ಮಾತು ನನ್ನ ಬಾಯಿಗೆ ಸುಮ್ಮನೆ ಬಂದದ್ದಲ್ಲ. ನಾನು ಓದಿದ ಕಾನ್ವೆಂಟಿನಲ್ಲಿ ಕ್ರಿಸ್‌ಮಸ್ ಬಂತೆಂದರೆ ಸಿಸ್ಟರ್‌ಗಳು ನಮ್ಮ ಕೈಯಿಂದ ಜಾಲಿಯ ಟೊಂಗೆಗೆ ಹತ್ತಿ ಅಂಟಿಸುತ್ತಿದ್ದರು. ಹುನಗುಂದದ ಕಡೆಯ ಹೊಲಗಳಿಂದ ಹುಡುಗಿಯರು ತಂದ ಹತ್ತಿ. ಅದರಲ್ಲಿ ಒಣ ಎಲೆಯ ಚೂರು, ಬೀಜ ಸಿಕ್ಕಿಕೊಂಡಿರುತ್ತಿದ್ದವು. ಅದೇ ಹಿಮ ಎಂದು ಸಿಸ್ಟರ್ ಹೇಳಿದ್ದರಿಂದ ದಾಟಿಹೋಗುವಾಗೆಲ್ಲ ಮುಟ್ಟಿ ನೋಡುತ್ತಿದ್ದೆ. ಹಿಮವನ್ನು ಮುಟ್ಟುವ ಆಸೆ ನನಗೆ ಹೊಸದಲ್ಲ. ಅತ್ತೆಯವರಲ್ಲೂ ಅದು ಇರಬಹುದೆಂದು ನಾನು ಎಂದೂ ಎಣಿಸಿರಲಿಲ್ಲ.

ಒಳಗೆ ಬಂದೆ. “ರೀ, ಮನಾಲಿಗೆ ತಗಸ್ರಿ. ನಾಕ ಮಂದಿದು.”

“ಮಮ್ಮೀ! ಅಲ್ಲಿ ಬರ್ಫ ಬೀಳದಿದ್ರ?”

“ಅವ್ವನ ಮೊಣಕಾಲ?” ಎಂದರು ಇವರು.

“ಹೋಟೆಲ್ ಬಾಗಲತನಾ ಗಾಡಿ ಹೋಗತೈತಂತ್ರಿ. ಬಿದ್ರ ಕಿಡಕ್ಯಾಗ ಕುಂತು ನೋಡ್ತಾರ, ಕೈ ಚಾಚಿ ಮುಟ್ತಾರ. ಗುಲ್ಮಾರ್ಗದಾಗ ಬೂಟು ಹಾಕ್ಕೊಂಡು ಹತ್ತೂದು ಅವರಿಗಾಗಂಗಿಲ್ಲ.”

ಹಿತ್ತಲ ಬಾಗಿಲಿಂದ ಅತ್ತೆಯವರ ದನಿ ಬಂತು. “ಬೀಳದಿದ್ರ ಗುಡ್ಡಾ ನೋಡಿ ಬರೂಣು. ನಮ್ಮ ಬದಾಮಿ ಗುಡ್ಡದ ಮ್ಯಾಲ ಬರ್ಫ ಬೀಳತೈತೇನು? ಮಂದಿ ಬರೂದು ಬಿಟ್ಟಾರೇನು?”

ಇವರು ಜೋರಾಗಿ ನಕ್ಕರು. “ಹಂಗಾದ್ರ ಇಳಕಲ್ ಕ್ಯಾನ್ಸಲ್ ಏನ್ ಬೇ?”

“ಯಾಕ ಕ್ಯಾನ್ಸಲ್? ಬಂದ ಮ್ಯಾಲ ಹೋಗ್ತೇನಿ. ಬರ್ಫ ನೋಡಿದ್ದು ಅಕಿಗೆ ಹೇಳಬ್ಯಾಡೇನು?”

ಮಗಳು ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದಳು. ಅವಳದೂ ತಪ್ಪೆನ್ನಲಾರೆ, ಆಸೆಪಟ್ಟದ್ದನ್ನು ನಾನು ಅನುಮಾನದ ಊರಿಗೆ ತಂದು ನಿಲ್ಲಿಸಿದ್ದೆ. ಇವರು ಆಫೀಸಿನಿಂದಲೇ ನಾಲ್ವರಿಗೂ ತಿಕೀಟು ತೆಗೆಸಿದರು.

ಸಂಜೆ ಬಾಜೂ ಮನೆಯ ಅಕ್ಕಾವರು ಕೋಟು ತಂದರು. ಕೆಲವು ವರ್ಷಗಳ ಹಿಂದೆ ಅವರು ಮನಾಲಿಗೆ ಹೋಗಿದ್ದಾಗ ಕೊಂಡ ಕಂದುಬಣ್ಣದ ಉಣ್ಣೆಯ ಕೋಟು ಅದು. ಅಂದಿನಿಂದ ನಮ್ಮ ಓಣಿಯಲ್ಲಿ ಯಾರೇ ಉತ್ತರದ ಕಡೆ ಹೊರಟರೂ ಅದನ್ನೇ ಬೇಡಿ ಒಯ್ಯುತ್ತಾರೆ. ಎಲ್ಲರ ಬಾಯಲ್ಲೂ ಅದು ‘ಬರ್ಫ ಕಂಡ ಕೋಟು’.

ನುಸಿಗುಳಿಗೆಯ ವಾಸನೆಯೊಂದಿಗೆ ಅತ್ತೆಯವರು ಅದನ್ನು ತೊಟ್ಟರು. ಒಳಗೆ ಸಿಕ್ಕಿಕೊಂಡ ಸೆರಗನ್ನು ಕಾಲರಿನಿಂದ ಮೇಲೆಳೆದು ತಲೆಗೆ ಹೊದಿಸಿದೆ. ಮುನಿಸಿನಲ್ಲಿದ್ದ ಮಗಳೂ ಎದ್ದುಬಂದು ಫೋಟೋ ತೆಗೆದಳು. “ಚಂದ ಕಾಣ್ತೀ ಆಯಿ. ಆದ್ರ ಅಲ್ಲಿ ಬರ್ಫ ಬೀಳದಿದ್ರ ನಾ ಯಾರ ಜೋಡೀನೂ ಮಾತಾಡಂಗಿಲ್ಲ, ನೋಡ್ರಿ.”

ಅಕ್ಕಾವರು ಬಗ್ಗಿ ಅತ್ತೆಯವರ ಕೋಟಿನ ಕೆಳಗಿನ ಗುಂಡಿ ಹಾಕುತ್ತಿದ್ದರು. ತಲೆ ಎತ್ತದೆಯೇ ಅಂದರು:

“ನಾವು ಹೋದಾಗರೆ ಎಲ್ಲಿ ಬಿದ್ದಿತ್ತು ತಂಗಿ? ಬಂದ ಮ್ಯಾಲ ಓಣ್ಯಾಗ ಎಲ್ಲಾರೂ ‘ನೋಡಿದ್ರೇನ್ರಿ’ ಅಂದ್ರು, ನಾ ಹೂಂ ಅಂದೆ.”